ಪುಷ್ಯ ಮಳೆಯಲ್ಲೂ ಒಣಗುವ ಗೂಡು: ಮಲೆನಾಡಿನಲ್ಲಿ ಮೊದಲ ಗೋಸುಂಬೆ

ಗೋಸುಂಬೆ ಸಾಕುವ ಬಗ್ಗೆ ಸಿಗುವ ಬರಹಗಳಲ್ಲಿ ಬಹುಪಾಲು ಒಣ ಗಾಳಿಯ ಊರಿನವರು ಬರೆದದ್ದು. ಹೀಟರ್ ಹಾಕಿ ಕಿಟಕಿ ಮುಚ್ಚಿಟ್ಟ ಕೋಣೆ ಅವರ ಕಣ್ಣಮುಂದೆ ಇರುತ್ತದೆ. ಅದಕ್ಕೇ ತೇವ ಹೆಚ್ಚಿಸಿ, ಮಂಜು ಬಿಡಿ, ಗಾಜಿನ ಪೆಟ್ಟಿಗೆ ತನ್ನಿ ಎಂದು ಮೇಲಿಂದ ಮೇಲೆ ಹೇಳುತ್ತಾರೆ. ಆ ಮಾತು ನಂಬಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಗೂಡು ಕಟ್ಟಿದರೆ, ಆಶ್ಲೇಷ ಮಳೆಯ ಹೊತ್ತಿಗೆ ಕೊಂಬೆಗೆ ಬೂಷ್ಟು ಹತ್ತಿರುತ್ತದೆ, ಪ್ರಾಣಿ ಮೂತಿ ಮೇಲೆತ್ತಿ ಬಾಯಿ ಕಳೆದು ಉಸಿರೆಳೆಯುತ್ತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮಲ್ಲಿ ತೇವಕ್ಕೆ ಏನೂ ಕೊರತೆಯಿಲ್ಲ, ಕೊರತೆ ಇರುವುದು ಒಣಗುವುದಕ್ಕೆ. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಮನೆಯೊಳಗೆ, ನೀರು ಹೊಡೆದ ಎಲೆ ಎರಡು ಗಂಟೆಯಲ್ಲಿ ಒಣಗುವಂಥ ಗೂಡು ಕಟ್ಟುವುದೇ ಇಲ್ಲಿನ ಕೆಲಸ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡೇ ಬರುತ್ತದೆ.

ಅದಕ್ಕೂ ಮೊದಲು ಯಾವ ಗೋಸುಂಬೆ ಎನ್ನುವುದು ಇತ್ಯರ್ಥವಾಗಲಿ. ನಮ್ಮ ಬೇಲಿ, ಹುಣಸೆಮರಗಳಲ್ಲಿ ಅಪರೂಪಕ್ಕೆ ಕಾಣುವ ಹಸಿರು ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿದು ತರುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ರಸ್ತೆ ಮೇಲೆ ಸಿಕ್ಕಿತು, ಪಾಪ ಎಂದು ಮನೆಗೆ ತಂದರೂ ಅಪರಾಧವೇ. ಅದು ಯಾವ ಕಡೆಗೆ ಹೊರಟಿತ್ತೋ ಆ ಕಡೆಯ ಗಿಡಕ್ಕೆ ಒಂದು ಕೋಲಿನ ಮೇಲೆ ಹತ್ತಿಸಿ ಬಿಟ್ಟರೆ ಸಾಕು. ಗಾಯವಾಗಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. (ಕಂಬಳಿಹುಳದ ಹಿಂದೆ ಓಡುತ್ತ, ತಲೆ ಮೇಲೆ ಕೆಳಗೆ ಆಡಿಸುವ ಓತಿಕ್ಯಾತ ಬೇರೆ ಪ್ರಾಣಿ, ಅದು ಗೋಸುಂಬೆಯಲ್ಲ.)

ಸಾಕುವವರ ಮನೆಯಲ್ಲಿರುವುದು ಹೆಚ್ಚಾಗಿ ಯೆಮನ್ ಗೋಸುಂಬೆ. ಯೆಮನ್ ಮತ್ತು ನೈರುತ್ಯ ಸೌದಿ ಅರೇಬಿಯಾದ ಬೆಟ್ಟಸೀಮೆಯದು. ತಲೆಯ ಮೇಲೆ ಎತ್ತರದ ಶಿಖೆ ಇರುತ್ತದೆ. ಗಂಡು ಬಾಲ ಸೇರಿ ಒಂದೂವರೆಯಿಂದ ಎರಡು ಅಡಿ ಬೆಳೆಯುತ್ತದೆ, ಹೆಣ್ಣು ಒಂದಡಿಯ ಆಸುಪಾಸು. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ ಬಣ್ಣದಲ್ಲಿ ಇದನ್ನು ಮೀರಿಸುತ್ತದೆ, ಆದರೆ ಮೊದಲ ಸಲಕ್ಕೆ ಯೆಮನ್ನಿನದೇ ಸರಿ. ತಪ್ಪು ತಡೆದುಕೊಳ್ಳುವ ಶಕ್ತಿ ಅದಕ್ಕೆ ತುಸು ಹೆಚ್ಚು. ಕಾಡುಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇವೆರಡೂ ಇವೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು, 2024ರಲ್ಲಿ ನಿಯಮ ಬಂತು. ಅದರಂತೆ ಇಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮಾರುವವನ ಹತ್ತಿರ ಕಾಗದವಿಲ್ಲದಿದ್ದರೆ ಕೊಳ್ಳಬೇಡಿ. ಬೆಲೆ ಕಡಿಮೆ ಎಂದು ಕಾಗದವಿಲ್ಲದ್ದನ್ನು ತಂದರೆ ಅದು ಕಾಡಿನಿಂದ ಹಿಡಿದದ್ದಾಗಿರಬಹುದು, ಹೊಟ್ಟೆಯಲ್ಲಿ ಹುಳ ಹೊತ್ತೇ ಬಂದಿರುತ್ತದೆ.

ತರುವ ಕಾಲವೂ ಮುಖ್ಯ. ದೀಪಾವಳಿ ಕಳೆದ ಮೇಲೆ ತನ್ನಿ. ಹೊಸಬರು ಜೂನ್‌ನಲ್ಲಿ ಶುರು ಮಾಡಿದರೆ ಕಷ್ಟದ ಪಾಠವೇ ಮೊದಲಿಗೆ ಬಂದ ಹಾಗೆ. ನವೆಂಬರಿನಲ್ಲಿ ತಂದರೆ ಮಳೆ ಹಿಡಿಯುವ ಹೊತ್ತಿಗೆ ಏಳು ತಿಂಗಳ ಅನುಭವ ಇರುತ್ತದೆ, ಮರಿಯೂ ಗಟ್ಟಿಯಾಗಿರುತ್ತದೆ.

ಗೂಡಿನ ಚೌಕಟ್ಟು

ಅಳತೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ದೊಡ್ಡ ಗಂಡಿಗೆ ಇದಕ್ಕಿಂತ ಚಿಕ್ಕದು ಬೇಡ. ಅಂಗಡಿಯಲ್ಲಿ ಸಿಗುವ ಮೀನಿನ ಗಾಜಿನ ತೊಟ್ಟಿ ಅಗಲಕ್ಕೆ ಹರಡಿಕೊಂಡಿರುತ್ತದೆ, ಗೋಸುಂಬೆಗೆ ಬೇಕಾದ್ದು ಎತ್ತರ. ಅಲ್ಲದೆ ಗಾಜಿನೊಳಗೆ ಗಾಳಿ ಆಡದು, ತನ್ನದೇ ಬಿಂಬ ಕಂಡು ಎದುರಾಳಿ ಬಂದನೆಂದು ದಿನವಿಡೀ ಕಪ್ಪಾಗಿ ಊದಿಕೊಂಡು ನಿಲ್ಲುತ್ತದೆ.

ಕಿಟಕಿ, ಸೊಳ್ಳೆಪರದೆ ಮಾಡಿಕೊಡುವ ಅಲ್ಯೂಮಿನಿಯಂ ಕೆಲಸದವರ ಹತ್ತಿರ ಹೇಳಿ ಮಾಡಿಸುವುದು ಸುಲಭ. ಒಂದಿಂಚಿನ ಚೌಕ ಪೈಪು 12 ಅಡಿಯದು ನಾಲ್ಕು ಬೇಕು. ಎರಡು ಪೈಪಿನಿಂದ 4 ಅಡಿಯ ಆರು ತುಂಡು: ನಾಲ್ಕು ಕಂಬಕ್ಕೆ, ಎರಡು ಬಾಗಿಲಿಗೆ. ಇನ್ನೆರಡರಿಂದ 2 ಅಡಿಯ ಹನ್ನೆರಡು ತುಂಡು: ಮೇಲೆ ನಾಲ್ಕು, ಕೆಳಗೆ ನಾಲ್ಕು, ಬಾಗಿಲಿಗೆ ಎರಡು. ಉಳಿಯುವ ಎರಡನ್ನು ಎಡ ಪಕ್ಕದ ಮಧ್ಯಕ್ಕೊಂದು, ಬಲ ಪಕ್ಕದ ಮಧ್ಯಕ್ಕೊಂದು ಅಡ್ಡಪಟ್ಟಿಯಾಗಿ ಕೂರಿಸಲು ಹೇಳಿ. ಕೊಂಬೆ ತಿರುಪು ಹಾಕಲು ಅವೇ ಆಧಾರ. ಬಾಗಿಲನ್ನು ತುಸು ತಗ್ಗಿಸಿ ಕೊಯ್ಯಬೇಕು ಎಂಬುದು ಅವರಿಗೆ ಹೇಳಬೇಕಾದ್ದಿಲ್ಲ. ಆದರೆ ಬಾಗಿಲು ಮುಂಭಾಗ ಪೂರ್ತಿ ತೆರೆಯುವಂತಿರಲಿ ಎಂದು ಒತ್ತಿ ಹೇಳಿ. ಅರ್ಧ ಬಾಗಿಲಿನ ಗೂಡಿನಲ್ಲಿ ಕುಂಡ ಬದಲಿಸುವುದು ದೊಡ್ಡ ಶಿಕ್ಷೆ.

ಎರಡು ಪಕ್ಕ ಮತ್ತು ಬಾಗಿಲಿಗೆ ಸೇರಿ 24 ಚದರಡಿ ಅಲ್ಯೂಮಿನಿಯಂ ಸೊಳ್ಳೆ ಜಾಲರಿ ಬೇಕು. ನೈಲಾನಿನದು ಬೇಡ, ಊಟಕ್ಕೆ ಕೊಡುವ ಜೀರುಂಡೆಗಳು (ಕ್ರಿಕೆಟ್ ಹುಳ) ಅದನ್ನು ಕಡಿದು ತೂತು ಮಾಡುತ್ತವೆ. ಹಿಂಭಾಗಕ್ಕೆ ಬಿಳಿ ಪಿವಿಸಿ ಶೀಟು. ಮೇಲ್ಭಾಗಕ್ಕೆ ಮಾತ್ರ ಸೊಳ್ಳೆ ಜಾಲರಿ ಹಾಕಬೇಡಿ, ಅರ್ಧ ಇಂಚು ಕಣ್ಣಿನ, ಪ್ಲಾಸ್ಟಿಕ್ ಲೇಪದ ವೆಲ್ಡ್ ಮೆಶ್ ಹಾಕಿ. ಕಾರಣ ಬೆಳಕು. ಸಣ್ಣ ಕಣ್ಣಿನ ಜಾಲರಿ ಯುವಿ (ನೇರಳಾತೀತ) ಕಿರಣದಲ್ಲಿ ಮೂರನೇ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ತಡೆದುಬಿಡುತ್ತದೆ. ಲೇಪವಿಲ್ಲದ ಜಿಐ ಮೆಶ್ ಕೂಡ ಬೇಡ. ಗೋಸುಂಬೆ ಚಾವಣಿಗೆ ತಲೆಕೆಳಗಾಗಿ ಜೋತು ಬೀಳುವ ಪ್ರಾಣಿ, ಬೆಸುಗೆಯ ಒರಟಿಗೆ ಉಗುರು ಸಿಕ್ಕಿ ಕಿತ್ತುಬರುತ್ತದೆ.

ತಳದ ಮೇಲೆ ಮಣ್ಣು, ತೆಂಗಿನ ನಾರಿನ ಪುಡಿ, ಹುಲ್ಲು ಏನೂ ಹಾಸಬೇಡಿ. ನಮ್ಮ ಹವೆಯಲ್ಲಿ ವಾರದಲ್ಲಿ ಅಣಬೆ ಏಳುತ್ತದೆ. 6 ಮಿಲಿಮೀಟರ್ ಪಿವಿಸಿ ಹಲಗೆಯನ್ನು ಹಿಂದಿನಿಂದ ಮುಂದಕ್ಕೆ ಒಂದಿಂಚು ಇಳಿಜಾರಾಗಿ ಕೂರಿಸಿ, ಮುಂದಿನ ಮೂಲೆಯಲ್ಲಿ ಒಂದಿಂಚಿನ ತೂತು ಕೊರೆದು, ಅಡಿಗೆ ಬಕೆಟ್ ಇಡಿ. ತೂತಿಗೆ ಜಾಲರಿಯ ತುಂಡು ಅಂಟಿಸಿ. ಬಕೆಟಿನ ನೀರನ್ನು ದಿನಾ ಚೆಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿಕೊಟ್ಟಂತೆ.

ಇಡುವ ಜಾಗ

ಎರಡೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟರೆ ಬಿಸಿಲುಕೊಂಬೆ (ದೀಪದಡಿ ಬಿಸಿ ಕಾಯಲು ಪ್ರಾಣಿ ಕೂರುವ ಮೇಲಿನ ಕೊಂಬೆ) ನಮ್ಮ ಕಣ್ಣಿಗಿಂತ ಮೇಲೆ ಬರುತ್ತದೆ. ಇದು ಅಂದಕ್ಕಾಗಿ ಮಾಡುವುದಲ್ಲ. ಮೇಲಿನಿಂದ ಬಾಗಿ ನೋಡುವ ಯಾವುದೂ ಅದರ ಲೆಕ್ಕದಲ್ಲಿ ಹದ್ದು. ನೆಲದ ಮೇಲಿಟ್ಟ ಗೂಡಿನಲ್ಲಿ ಎಷ್ಟು ಚೆನ್ನಾಗಿ ಸಾಕಿದರೂ ಅದು ಹೆದರಿಕೊಂಡೇ ಬದುಕುತ್ತದೆ. ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿ, ಅಡುಗೆಮನೆಯ ಹಳೇ ಸಕ್ಕರೆ ಡಬ್ಬಿಗೆ ಮಾಡುವ ಹಾಗೆ. ಮಲಗಿದ ಗೋಸುಂಬೆಗೆ ರಾತ್ರಿ ಇರುವೆ ಮುತ್ತಿದರೆ ಓಡಿ ತಪ್ಪಿಸಿಕೊಳ್ಳುವ ಪ್ರಾಣಿಯಲ್ಲ ಅದು. ಆ ಬಟ್ಟಲುಗಳ ನೀರನ್ನೂ ಬಕೆಟಿನದರ ಜೊತೆಗೇ ಬದಲಿಸಿ.

ಬಚ್ಚಲ ಒಲೆಯ ಹೊಗೆ ಬರುವ ಕಡೆ, ಅಡಿಕೆ ಬೇಯಿಸುವ ಕಾಲದಲ್ಲಿ ಅಂಗಳದ ಹೊಗೆ ನುಗ್ಗುವ ಕಿಟಕಿಯ ಹತ್ತಿರ, ದೇವರ ಕೋಣೆಯ ಪಕ್ಕ ಬೇಡ. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ಲಿಕ್ವಿಡ್ ಆ ಕೋಣೆಯೊಳಗೆ ಬರಲೇಕೂಡದು. ಹೆಂಚಿನ ಮನೆಯ ಅಟ್ಟದಲ್ಲೋ ತಗಡಿನ ಶೀಟಿನ ಕೆಳಗೋ ಇಟ್ಟರೆ ಏಪ್ರಿಲಿನಲ್ಲಿ ಬೆಂದುಹೋಗುತ್ತದೆ. ಸೀಲಿಂಗ್ ಫ್ಯಾನಿನ ನೇರ ಗಾಳಿಯೂ ಆಗದು.

ಕೊಂಬೆ ಮತ್ತು ಗಿಡ

ಗೋಸುಂಬೆಯ ಕಾಲನ್ನು ಹತ್ತಿರದಿಂದ ನೋಡಿ. ಐದು ಬೆರಳು ಎರಡು ಗುಂಪಾಗಿ, ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಕೂಡಿಕೊಂಡು ಇಕ್ಕಳದ ಹಾಗಿವೆ. ಇಕ್ಕಳ ಕೊಂಬೆಯನ್ನು ಸುತ್ತುವರಿದು ಹಿಡಿಯಬೇಕು. ದಪ್ಪ ಮರದ ಮೇಲೆ ಅದು ಹಿಡಿಯದು, ತೀರಾ ತೆಳುವಾದರೆ ಬೆರಳು ಒಂದರ ಮೇಲೊಂದು ಬರುತ್ತದೆ. ಮರಿಗೆ ಪೆನ್ಸಿಲ್ ದಪ್ಪ, ದೊಡ್ಡದಕ್ಕೆ ಕಿರುಬೆರಳಿನಿಂದ ಹೆಬ್ಬೆರಳಿನ ದಪ್ಪ, ಅಂದರೆ 1ರಿಂದ 2.5 ಸೆಂಟಿಮೀಟರ್. ನುಣುಪಾದ ಬಿದಿರು ಬೇಡ, ಜಾರುತ್ತದೆ.

ನಮ್ಮ ಕಡೆ ಇದಕ್ಕೆ ಕಾಫಿ ರೆಂಬೆಗಿಂತ ಒಳ್ಳೆಯದಿಲ್ಲ. ಗಟ್ಟಿ, ಒರಟು, ಅಂಕುಡೊಂಕು. ಗಿಡ ಸವರುವ ಕಾಲದಲ್ಲಿ ತೋಟದವರನ್ನು ಕೇಳಿದರೆ ಒಂದು ಹೊರೆ ಸಿಗುತ್ತದೆ. ಬೊಡ್ಡೆಯ ಭಾಗ ಮಾತ್ರ ತರಬೇಡಿ, ಕಾಂಡಕೊರಕಕ್ಕೆ ಔಷಧಿ ಬಳಿಯುವುದು ಅಲ್ಲೇ. ಪೇರಲೆ ಕೊಂಬೆಯೂ ಆಗುತ್ತದೆ. ಗೇರು ಬೇಡ, ಅದರ ಸೊನೆ ಚರ್ಮ ಸುಡುತ್ತದೆ. ಕಣಗಿಲೆ, ಕಳ್ಳಿ, ಎಕ್ಕ, ಕಾಸರಕ ಬೇಡವೇ ಬೇಡ. ಅಡಿಕೆ ತೋಟದ ಮಧ್ಯದಲ್ಲಿ ಬೆಳೆದ ಗಿಡದ ಕೊಂಬೆಯನ್ನು ಕೊಳೆರೋಗದ ಔಷಧಿ ಹೊಡೆದ ಮೇಲೆ ತರಬೇಡಿ. ಬೋರ್ಡೋ ದ್ರಾವಣದ ಮೈಲುತುತ್ತ ಮಳೆಗೆ ಬೇಗ ತೊಳೆದುಹೋಗದ ಹಾಗೆ ಅಂಟಿಕೊಂಡಿರಲೆಂದೇ ಹೊಡೆಯುವುದು. ಎಲೆ ಮೇಲಿನ ನೀಲಿ ಛಾಯೆಯೇ ಅದರ ಗುರುತು.

ತಂದ ಕೊಂಬೆಗೆ ಕುದಿಯುವ ನೀರು ಹೊಯ್ದು, ತಿಕ್ಕಿ, ಎರಡು ವಾರ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಅಳತೆಗೆ ಕೊಯ್ಯಿರಿ. ಹಸಿಯಾಗಿದ್ದಾಗ ಕೊಯ್ದರೆ ಒಣಗಿ ಕುಗ್ಗುತ್ತದೆ, ತಿರುಪು ಸಡಿಲವಾಗಿ ಕೊಂಬೆ ಗಿರ್ರನೆ ತಿರುಗುತ್ತದೆ. ಕೂರಿಸುವುದು ಹೀಗೆ: ಅಡ್ಡಪಟ್ಟಿಯ ಹೊರಗಿನಿಂದ ವಾಷರ್ ಹಾಕಿ ಕೊಂಬೆಯ ತುದಿಗೆ ತಿರುಪು ಬಿಗಿಯಿರಿ. ಪಟ್ಟಿಯಿಲ್ಲದ ಎತ್ತರದಲ್ಲಿ ಕೇಬಲ್ ಟೈ ಹಾಕಿ, ತುದಿಯನ್ನು ಮಟ್ಟಸವಾಗಿ ಕತ್ತರಿಸಿ. ತೆಂಗಿನ ಹಗ್ಗ, ಸೆಣಬಿನ ಹುರಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಮಟ್ಟದಲ್ಲಿ ಅಡ್ಡ ಕೊಂಬೆಗಳು, ಅವನ್ನು ಕೂಡಿಸುವ ಓರೆ ಕೊಂಬೆಗಳು. ನೆಲಕ್ಕಿಳಿಯದೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಲು ದಾರಿ ಇರಬೇಕು. ಹೆಚ್ಚಿನವರು ಉದ್ದುದ್ದ ಕೋಲು ನಿಲ್ಲಿಸಿ ಗೂಡು ತುಂಬಿತೆಂದುಕೊಳ್ಳುತ್ತಾರೆ. ಅದು ಮಲಗುವುದೂ ಬಿಸಿಲು ಕಾಯುವುದೂ ಅಡ್ಡ ಕೊಂಬೆಯ ಮೇಲೆ.

ಗಿಡಗಳಲ್ಲಿ ಮೊದಲನೆಯದು ದಾಸವಾಳ. ಯೆಮನ್ ಗೋಸುಂಬೆ ಎಲೆಯನ್ನೂ ತಿನ್ನುತ್ತದೆ, ದಾಸವಾಳದ ಎಲೆ ಹೂವು ಎರಡೂ ತಿನ್ನಲಡ್ಡಿಯಿಲ್ಲ. ಜೊತೆಗೆ ಒಂದು ಅಂಬ್ರೆಲಾ ಗಿಡ (ಶೆಫ್ಲೆರಾ), ಹಬ್ಬಿಸಲು ಮನಿ ಪ್ಲಾಂಟ್. ಕ್ರೋಟನ್, ಡೈಫೆನ್‌ಬೇಕಿಯಾ ಬೇಡ. ನರ್ಸರಿಯಿಂದ ತಂದ ಗಿಡವನ್ನು ನೇರ ಒಳಗಿಡಬೇಡಿ. ಮಣ್ಣೆಲ್ಲ ಕೊಡವಿ ಬರಿ ಕೆಮ್ಮಣ್ಣು, ಎಲೆಗೊಬ್ಬರಕ್ಕೆ ಬದಲಿಸಿ, ಎಲೆ ತೊಳೆದು, ಒಂದು ತಿಂಗಳು ಹೊರಗಿಡಿ. ಗೊಬ್ಬರದ ಹರಳು, ಕೀಟನಾಶಕದ ಹರಳು ಮಣ್ಣಿನಲ್ಲಿ ಉಳಿದಿರುತ್ತವೆ. ಕುಂಡದ ಬಾಯಿಗೆ ಗೋಸುಂಬೆಯ ತಲೆಗಿಂತ ದೊಡ್ಡ ಹೊಳೆಗಲ್ಲು ಮುಚ್ಚಿ. ಸಣ್ಣ ಜಲ್ಲಿ ಹಾಕಿದರೆ ಹುಳದ ಜೊತೆ ನಾಲಿಗೆಗೆ ಅಂಟಿ ಒಳಗೆ ಹೋಗುತ್ತದೆ.

ದಾಸವಾಳ ಮನೆಯೊಳಗೆ ಬಂದರೆ ಹತ್ತು ದಿನದಲ್ಲಿ ಎಲೆ ಉದುರಿಸುತ್ತದೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ಹೊಯ್ದು ಬೇರು ಕೊಳೆಸುವವರೇ ಹೆಚ್ಚು. ಕಡಿಮೆಯಾದದ್ದು ಬೆಳಕು. 6500 ಕೆಲ್ವಿನ್ನಿನ 20 ವಾಟ್ ಎಲ್‌ಇಡಿ ಪಟ್ಟಿ ಮೇಲೊಂದು ಹಾಕಿ. ಎರಡು ಜೊತೆ ಕುಂಡ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಅಂಗಳದ್ದು ಒಳಗೆ, ಒಳಗಿನದು ಅಂಗಳಕ್ಕೆ ಮಾಡಿದರೆ ಇನ್ನೂ ಒಳ್ಳೆಯದು. ಒಳಗೆ ತರುವಾಗ ಎಲೆಯಡಿಯ ಹಿಟ್ಟುತಿಗಣೆ, ಚಗಳಿ ಇರುವೆ ನೋಡಿ.

ಬೆಳಕು, ಬಿಸಿ

ಗೋಸುಂಬೆಯನ್ನು ಕೊಲ್ಲುವ ತಪ್ಪುಗಳಲ್ಲಿ ಯುವಿಬಿ (ಯುವಿ ಕಿರಣದಲ್ಲೇ ಒಂದು ಬಗೆ) ದೀಪದ ತಪ್ಪು ಮೊದಲನೆಯದು. ಚರ್ಮಕ್ಕೆ ಯುವಿಬಿ ಬೀಳದಿದ್ದರೆ ಡಿ3 ಜೀವಸತ್ವ ತಯಾರಾಗದು, ಅದಿಲ್ಲದೆ ತಿಂದ ಸುಣ್ಣದಂಶ ಎಲುಬಿಗೆ ಸೇರದು. ದವಡೆ ಮೆತ್ತಗಾಗುತ್ತದೆ, ಮೊಣಕೈ ಬಿಲ್ಲಿನ ಹಾಗೆ ಬಾಗುತ್ತದೆ, ನಾಲಿಗೆ ಗುರಿ ತಪ್ಪುತ್ತದೆ. ಬಾಗಿದ ಎಲುಬು ಮತ್ತೆ ನೆಟ್ಟಗಾಗದು.

ಬೇಕಾದ್ದು ಉದ್ದನೆಯ ಟಿ5 ಎಚ್‌ಒ ಟ್ಯೂಬು, 22 ಇಂಚಿನ 24 ವಾಟಿನದು, ಆರ್ಕೇಡಿಯಾ ಕಂಪನಿಯ 6 ಶೇಕಡಾ ಅಥವಾ ಝೂ ಮೆಡ್ ಕಂಪನಿಯ 5.0 ದರ್ಜೆಯದು. ಸುರುಳಿ ಬಲ್ಬಿನ ಯುವಿ ಒಂದು ಗೇಣಿನಾಚೆ ಕೈಕೊಡುತ್ತದೆ. ಸೊಳ್ಳೆ ಕೊಲ್ಲುವ ನೀಲಿ ಟ್ಯೂಬಿನಲ್ಲಿ ಯುವಿಬಿ ಇಲ್ಲ. ನೀರಿನ ಶುದ್ಧೀಕರಣದ ಯುವಿ ದೀಪವಂತೂ ಸಾಕ್ಷಾತ್ ವಿಷ, ಅದರ ಯುವಿಸಿ ಕಣ್ಣು ಚರ್ಮ ಎರಡನ್ನೂ ಸುಡುತ್ತದೆ. ಟ್ಯೂಬನ್ನು ಮೇಲಿನ ಜಾಲರಿಯ ಮೇಲೆ ಇಟ್ಟು, ಬಿಸಿಲುಕೊಂಬೆಯ ಮೇಲೆ ಕೂತ ಪ್ರಾಣಿಯ ಬೆನ್ನು ಅದರಿಂದ 8ರಿಂದ 9 ಇಂಚು ಕೆಳಗೆ ಬರುವಂತೆ ಮಾಡಿ. ಯುವಿ ಅಳೆಯುವ ಸೋಲಾರ್‌ಮೀಟರ್ 6.5 ಯಾರ ಹತ್ತಿರವಾದರೂ ಸಿಕ್ಕರೆ ಆ ಜಾಗದಲ್ಲಿ ಯುವಿ ಸೂಚ್ಯಂಕ 3ರ ಹತ್ತಿರ ಬರಬೇಕು. ದಿನಕ್ಕೆ 12 ಗಂಟೆ, ಟೈಮರಿಗೆ ಹಾಕಿ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. ಕಣ್ಣಿಗೆ ಬೆಳಗುತ್ತಲೇ ಇದ್ದರೂ ಯುವಿ ಅಷ್ಟರಲ್ಲಿ ಇಳಿದಿರುತ್ತದೆ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲೇ ಬರೆದಿಡಿ.

ಕಿಟಕಿಯ ಗಾಜಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ಬಿಡುವುದಿಲ್ಲ. ಬೆಳಗಿನ ಎಂಟರ ಬಿಸಿಲಿಗೆ ಸಣ್ಣ ಜಾಲರಿ ಗೂಡಿನಲ್ಲಿ ಅರ್ಧ ಗಂಟೆ ಅಂಗಳದಲ್ಲಿಡುವುದು ಬೇರೆ ಮಾತು, ಯಾವ ಟ್ಯೂಬೂ ಅದಕ್ಕೆ ಸಮವಲ್ಲ. ಅರ್ಧ ಗೂಡು ನೆರಳಿನಲ್ಲಿರಲಿ, ನೀವು ಅಲ್ಲೇ ಕೂತಿರಿ. ಕಾಗೆ, ಬೆಕ್ಕು, ಕೇರೆಹಾವು ಮೂರಕ್ಕೂ ಅದು ಊಟ.

ಬಿಸಿಗೆ ಸಾಧಾರಣ ತಂತಿ ಬಲ್ಬು ಅಥವಾ ಹ್ಯಾಲೊಜೆನ್, ಪಿಂಗಾಣಿ ಹೋಲ್ಡರಿನಲ್ಲಿ, ಜಾಲರಿಯಿಂದ ಎರಡಿಂಚು ಮೇಲೆ. ಎಷ್ಟು ವಾಟ್ ಎಂದು ಕೇಳಬೇಡಿ, ಉಷ್ಣಮಾಪಕವನ್ನು ಕೇಳಿ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮಾಪಕದ ತುದಿಯನ್ನು ಕೊಂಬೆಯ ಮೇಲಲ್ಲ, ಪ್ರಾಣಿಯ ಶಿಖೆ ಬರುವ ಎತ್ತರಕ್ಕೆ ಕಟ್ಟಿ. ದೀಪಕ್ಕೆ ಹತ್ತಿರವಿರುವುದು ಅದೇ, ಸುಡುವುದೂ ಅದೇ. ಅಲ್ಲಿ ದೊಡ್ಡ ಗಂಡಿಗೆ 29ರಿಂದ 31 ಡಿಗ್ರಿ, ಹೆಣ್ಣಿಗೂ ಮರಿಗೂ 27ರಿಂದ 28. ಗೂಡಿನ ನಡುಭಾಗ 23ರಿಂದ 26. ಬಲ್ಬಿಗೆ ಡಿಮ್ಮರ್ ಇದ್ದರೆ ಋತು ಬದಲಾದಂತೆ ಬಲ್ಬ್ ಬದಲಿಸುವ ಪೀಕಲಾಟ ಇಲ್ಲ. ರಾತ್ರಿಗೆ ಯಾವ ದೀಪವೂ ಬೇಡ, ಕೆಂಪು ಬಲ್ಬೂ ಬೇಡ. ಯೆಮನ್ನಿನ ಬೆಟ್ಟದಲ್ಲಿ ರಾತ್ರಿ ಚಳಿಯೇ ಇರುವುದು. ನಮ್ಮ ಡಿಸೆಂಬರಿನ 15 ಡಿಗ್ರಿಯನ್ನು ದೊಡ್ಡ ಪ್ರಾಣಿ ನಿರಾಯಾಸವಾಗಿ ತಡೆಯುತ್ತದೆ, ಬೆಳಗಾದ ಕೂಡಲೆ ಕಾಯಲು ಬಿಸಿ ಸಿಗಬೇಕಷ್ಟೆ. ತೀರಾ ಚಳಿಯ ರಾತ್ರಿ ಮೂರು ಬದಿಗೆ ಹತ್ತಿ ಪಂಚೆ ಹೊದಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ಶಿವಮೊಗ್ಗ ಪೇಟೆಯ ಮನೆಯೊಳಗೇ 33 ದಾಟಿದರೆ ಬಿಸಿ ಬಲ್ಬು ಆರಿಸಿಬಿಡಿ. ಒಂದು ಬದಿಯ ಜಾಲರಿಯ ಹೊರಗೆ ಒದ್ದೆ ಗೋಣಿಚೀಲ ಇಳಿಬಿಡಿ. ಆಗ ಗಾಳಿ ಒಣಗಿರುವುದರಿಂದ ಗೋಣಿ ಚೆನ್ನಾಗಿ ತಂಪು ಕೊಡುತ್ತದೆ.

ನೀರು ಕೊಡುವುದು, ಗೂಡು ಒಣಗಿಸುವುದು

ತೇವ ಬೇರೆ, ಕುಡಿಯುವ ನೀರು ಬೇರೆ. ಹೊರಗೆ ಎಂಟು ದಿನದಿಂದ ಮಳೆ, ಗಾಳಿಯಲ್ಲಿ ಶೇಕಡಾ 95 ತೇವ, ಇನ್ನು ನೀರು ಯಾಕೆ ಎಂದು ನಿಲ್ಲಿಸಿದರೆ ಆ ಮಳೆಯ ನಡುವೆಯೇ ಪ್ರಾಣಿ ಬಾಯಾರಿ ಸಾಯುತ್ತದೆ. ಬಟ್ಟಲಿನಲ್ಲಿಟ್ಟ ನಿಂತ ನೀರನ್ನು ಗೋಸುಂಬೆ ನೀರೆಂದು ಗುರುತಿಸುವುದೇ ಅಪರೂಪ. ಎಲೆಯ ಅಂಚಿನಲ್ಲಿ ಹನಿ ಕೂಡಿ, ತೂಗಿ, ಬೆಳಕಿಗೆ ಮಿಂಚಬೇಕು. ಆಗ ಗೋಪುರದಂಥ ಒಂದು ಕಣ್ಣು ಅತ್ತ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಕತ್ತು ಚಾಚಿ, ತುಟಿಯಂಚಿಗೆ ಹನಿ ತಾಗಿಸಿಕೊಂಡು, ಮೆಲ್ಲಗೆ ದವಡೆ ಆಡಿಸುತ್ತದೆ. ಇದು ಶುರುವಾಗಲು ಐದು ನಿಮಿಷ, ಮುಗಿಯಲು ಹತ್ತು ನಿಮಿಷ. ಎರಡು ಸಲ ಪುಸ್ ಎನ್ನಿಸಿ ಹೋದರೆ ಅದು ಕುಡಿಯುವುದೇ ಇಲ್ಲ.

ಹಾಗಾಗಿ ಹನಿ ಬೇಕು. ಮೆಡಿಕಲ್ ಶಾಪಿನಲ್ಲಿ ಹೊಸ ಡ್ರಿಪ್ ಸೆಟ್ ಒಂದು ತನ್ನಿ, ಸೂಜಿ ತೆಗೆದುಹಾಕಿ. ಒಂದು ಲೀಟರಿನ ಬಾಟಲಿಯನ್ನು ಗೂಡಿನ ಮೇಲೆ ತಲೆಕೆಳಗಾಗಿ ಕಟ್ಟಿ, ಮುಚ್ಚಳಕ್ಕೆ ಸೆಟ್ಟಿನ ಮೊನೆ ಚುಚ್ಚಿ. ಬಾಟಲಿಯ ತಳದಲ್ಲಿ ಗಾಳಿಗೆ ಒಂದು ಸಣ್ಣ ತೂತು ಮಾಡದಿದ್ದರೆ ಅರ್ಧಕ್ಕೇ ಹನಿ ನಿಲ್ಲುತ್ತದೆ. ಕೊಳವೆಯ ತುದಿ ದಾಸವಾಳದ ಮೇಲ್ತುದಿಯ ಎಲೆಯ ಮೇಲಿರಲಿ. ಚಕ್ರ ತಿರುಗಿಸಿ ಸೆಕೆಂಡಿಗೆ ಒಂದು ಹನಿಗೆ ನಿಲ್ಲಿಸಿ. ಸೆಟ್ಟಿನ ಮೇಲೆ ಒಂದು ಮಿಲಿಲೀಟರಿಗೆ 20 ಹನಿ ಎಂದು ಮುದ್ರಿಸಿರುತ್ತದೆ. ಅಂದರೆ ನಿಮಿಷಕ್ಕೆ 3 ಮಿಲಿಲೀಟರು, ಇಪ್ಪತ್ತು ನಿಮಿಷಕ್ಕೆ 60. ಬೆಳಿಗ್ಗೆ ಹತ್ತರ ಸುಮಾರಿಗೆ, ಬಿಸಿ ಕಾಯ್ದು ಮುಗಿದ ಮೇಲೆ, ದಿನಕ್ಕೊಮ್ಮೆ ಇಷ್ಟು ಸಾಕು. ವರ್ಷವಿಡೀ, ಪುನರ್ವಸು ಮಳೆಯಲ್ಲೂ ತಪ್ಪಿಸಬೇಡಿ. ಬಾಟಲಿ, ಕೊಳವೆ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆಯಿರಿ. ಒಳಗೆ ಲೋಳೆ ಕಟ್ಟಿದರೆ ಎಸೆದು ಹೊಸದು ಹಾಕಿ.

ಮಂಜಿನಂತೆ ಸಿಂಪಡಿಸುವುದು ಇದಕ್ಕಿಂತ ಬೇರೆ, ಅದು ಋತುವಿಗೆ ತಕ್ಕಂತೆ. ಫೆಬ್ರವರಿಯಿಂದ ಮೇ ತನಕ ಬೆಳಿಗ್ಗೆ ದೀಪ ಹತ್ತುವ ಮುಂಚೆ ಎರಡು ನಿಮಿಷ, ಸಂಜೆ ದೀಪ ಆರಿದ ಮೇಲೆ ಎರಡು ನಿಮಿಷ. ಮಧ್ಯಾಹ್ನ ಎಲೆ ಒಣಗಿರಬೇಕು. ಆರಿದ್ರ ಹಿಡಿದ ಮೇಲೆ ಬೆಳಿಗ್ಗೆಯದು ಮಾತ್ರ ಸಾಕು. ಪುಷ್ಯ, ಆಶ್ಲೇಷದ ಜಡಿಯಲ್ಲಿ ಅದೂ ಬೇಡ, ಬರೀ ಹನಿ. ಇದಕ್ಕೆ ಎರಡು ಲೀಟರಿನ ಕೈಪಂಪು ಹೊಸದಾಗಿ ತನ್ನಿ. ತೋಟದ ಔಷಧಿ ಹೊಡೆದ ಪಂಪನ್ನು ಏಳು ಸಲ ತೊಳೆದರೂ ಇದಕ್ಕೆ ಬಳಸಬೇಡಿ.

ಒಣಗಿಸಲು ಕಂಪ್ಯೂಟರಿನ 12 ವೋಲ್ಟಿನ 120 ಮಿಲಿಮೀಟರ್ ಫ್ಯಾನ್ ಒಂದು, 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್. ಪಕ್ಕದ ಜಾಲರಿಯ ಮೇಲ್ಭಾಗದಲ್ಲಿ, ಹೊರಮೈಗೆ, ಗಾಳಿಯನ್ನು ಗೂಡಿನಿಂದ ಹೊರಕ್ಕೆ ಎಳೆಯುವಂತೆ ಕೂರಿಸಿ. ಒಳಕ್ಕೆ ಊದಿದರೆ ಒದ್ದೆ ಮೈಗೆ ಗಾಳಿ ಬಡಿದು ಅದೇ ಶೀತಕ್ಕೆ ದಾರಿ. ಟಿಶ್ಯೂ ಕಾಗದದ ಎಳೆಯೊಂದನ್ನು ಗೂಡಿನ ನಡುವೆ ಕಟ್ಟಿ ನೋಡಿ: ಅದು ತುಸುವೇ ಅಲುಗಿದರೆ ಸರಿ, ಪಟಪಟಿಸಿದರೆ ಫ್ಯಾನ್ ಜೋರು. ನೀರು ಕೊಟ್ಟು ಮುಗಿದ ಮೇಲೆ ಅರ್ಧ ಗಂಟೆ, ಜಡಿಮಳೆಯ ದಿನ ಗಂಟೆಗೆ ಹತ್ತು ನಿಮಿಷ. ದಾಸವಾಳದ ನಡುಮಟ್ಟದ ಎಲೆಯೊಂದನ್ನು ಗುರುತು ಮಾಡಿಕೊಂಡು, ಎರಡು ಗಂಟೆ ಬಿಟ್ಟು ಬೆರಳಿನಲ್ಲಿ ಮುಟ್ಟಿ. ಜಿನುಗು ಇದ್ದರೆ ಗಿಡ ದಟ್ಟವಾಯಿತು, ಒಂದು ಕುಂಡ ಹೊರಗಿಡಿ.

ನೀರು ಸಾಕಾಯಿತೋ ಇಲ್ಲವೋ ಹಿಕ್ಕೆ ಹೇಳುತ್ತದೆ. ಕಪ್ಪು ಹಿಕ್ಕೆಯ ಜೊತೆ ಬರುವ ಉಪ್ಪಿನ ಮುದ್ದೆ ಬೆಳ್ಳಗಿರಬೇಕು. ತುದಿ ಮಾತ್ರ ಹಳದಿಯಾದರೆ ಚಿಂತೆಯಿಲ್ಲ, ಪೂರ್ತಿ ಕಿತ್ತಳೆ ಬಣ್ಣವಾದರೆ ಬಾಯಾರಿದೆ. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಿಸಿಯಿಲ್ಲದೆಯೂ ಬಾಯಿ ಕಳೆದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸರೀಸೃಪ ನೋಡುವ ವೈದ್ಯರು ಯಾರು, ಯಾವ ದಿನ ಸಿಗುತ್ತಾರೆ ಎಂಬುದನ್ನು ಪ್ರಾಣಿ ತರುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಕರೆಂಟು ಹೋದಾಗ

ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು ಇಲ್ಲಿ ಹೊಸದೇನಲ್ಲ. ಯುವಿ ಟ್ಯೂಬು, ಎಲ್‌ಇಡಿ, ಫ್ಯಾನು ಮೂರೂ ಸೇರಿ 60 ವಾಟ್ ದಾಟುವುದಿಲ್ಲ, ಇನ್ವರ್ಟರಿಗೆ ಹಾಕಿ. ಬಿಸಿ ಬಲ್ಬನ್ನು ಹಾಕಬೇಡಿ, ಬ್ಯಾಟರಿ ಬೇಗ ಬರಿದಾಗುತ್ತದೆ. ಬಿಸಿಯಿಲ್ಲದ ದಿನ ಹುಳವನ್ನೂ ಕೊಡಬೇಡಿ. ಮೈ ಬಿಸಿಯಾಗದೆ ಜೀರ್ಣವಾಗದು, ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ದೊಡ್ಡ ಗೋಸುಂಬೆ ಎರಡು ದಿನ ಉಪವಾಸವಿದ್ದರೆ ಏನೂ ಆಗದು.

ಹುಳದ ವಿಷಯ ಬೇರೆಯೇ ಬರೆಯುವಷ್ಟಿದೆ. ಗೂಡಿಗೆ ಸಂಬಂಧಪಟ್ಟಷ್ಟು ಹೇಳುವುದಾದರೆ, ಹುಳಗಳನ್ನು ಸುಮ್ಮನೆ ಒಳಗೆ ಬಿಡಬೇಡಿ. ನುಣುಪಾದ ಪ್ಲಾಸ್ಟಿಕ್ ಡಬ್ಬಿಯನ್ನು ನಡುಮಟ್ಟದ ಕೊಂಬೆಗೆ ಕಟ್ಟಿ, ಅದರಲ್ಲಿ ಹಾಕಿ. ತಪ್ಪಿಸಿಕೊಂಡ ಜೀರುಂಡೆ ರಾತ್ರಿ ಮಲಗಿದ ಗೋಸುಂಬೆಯನ್ನೇ ಕಚ್ಚುತ್ತದೆ. ಹುಳದ ಉದ್ದ ಗೋಸುಂಬೆಯ ತಲೆಯ ಅಗಲ ಮೀರದಿರಲಿ. ಪ್ರತಿ ಸಲ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಉದುರಿಸಿ, ಡಿ3 ಇರುವುದು ತಿಂಗಳಿಗೆ ಎರಡು ಸಲ. ತೋಟದ ಮಿಡತೆ ತರುವವರು ಔಷಧಿಯ ನೆನಪಿಡಬೇಕು. ಇನ್ನು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಮಿಂಚುಹುಳು ಮನೆಯೊಳಗೆ ಬರುತ್ತವಲ್ಲ, ಆ ದಿನಗಳಲ್ಲಿ ಗೂಡಿನ ಕೋಣೆಯ ಕಿಟಕಿ ಮುಚ್ಚಿ. ಕೆಲವು ಜಾತಿಯ ಮಿಂಚುಹುಳುವಿನ ಮೈಯಲ್ಲಿರುವ ವಿಷ ಸಾಕಿದ ಹಲ್ಲಿಜಾತಿಯ ಪ್ರಾಣಿಗಳನ್ನು ಕೊಂದಿದೆ. ಇಲ್ಲಿಯದು ಯಾವ ಜಾತಿ ಎಂದು ಪರೀಕ್ಷೆಗೆ ಇಳಿಯುವುದು ಬೇಡ.

ಹೆಣ್ಣು ತಂದವರಿಗೆ ಒಂದು ಹೆಚ್ಚಿನ ಸಾಮಾನು. ಗಂಡಿನ ಮುಖ ಕಾಣದಿದ್ದರೂ ಅದು ಮೊಟ್ಟೆ ಇಡುತ್ತದೆ, ಒಂದೊಂದು ಸಲಕ್ಕೆ ಹತ್ತಾರು. ತೋಡಲು ಮಣ್ಣಿಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣ ತೆಗೆಯುತ್ತದೆ. ಒಂದಡಿ ಅಗಲ, ಒಂದಡಿ ಆಳದ ಟಬ್ಬಿನಲ್ಲಿ ತೊಳೆದ ಹೊಳೆ ಮರಳು ತುಂಬಿ, ಬೆರಳಿನಿಂದ ಸುರಂಗ ತೋಡಿದರೆ ಕುಸಿಯದಷ್ಟು ನೀರು ಚಿಮುಕಿಸಿ, ಆರು ತಿಂಗಳು ತುಂಬಿದಾಗಿನಿಂದ ಗೂಡಿನ ಮೂಲೆಯಲ್ಲಿ ಇಟ್ಟೇ ಇರಿ. ಅದು ತೋಡುವಾಗ ಯಾರೂ ಇಣುಕಬೇಡಿ. ಕಂಡರೆ ಬಿಟ್ಟು ಹೊರಬಂದುಬಿಡುತ್ತದೆ.

ಎಲ್ಲ ಕಟ್ಟಿ ಮುಗಿದ ಮೇಲೆ ಒಂದು ವಾರ ಖಾಲಿ ಗೂಡನ್ನೇ ನಡೆಸಿ. ಟೈಮರ್ ಸಮಯಕ್ಕೆ ಹತ್ತುತ್ತದೆಯೇ, ಮಧ್ಯಾಹ್ನ ಎರಡಕ್ಕೆ ಶಿಖೆಯ ಎತ್ತರದಲ್ಲಿ ಎಷ್ಟು ಡಿಗ್ರಿ, ಬಕೆಟ್ ಎಲ್ಲಿ ಸೋರುತ್ತದೆ, ಯಾವ ಎಲೆ ಒಣಗುವುದಿಲ್ಲ, ಎಲ್ಲ ಬರೆದಿಡಿ. ಆಮೇಲೆ ಪ್ರಾಣಿ ತನ್ನಿ. ಒಂದು ಗೂಡಿಗೆ ಒಂದೇ. ಮೊದಲ ವಾರ ಎತ್ತಿಕೊಳ್ಳಬೇಡಿ, ನೆಂಟರಿಗೆ ತೋರಿಸಬೇಡಿ. ಸಾಕಲಾಗದಿದ್ದರೆ ತೋಟಕ್ಕೆ ಮಾತ್ರ ಬಿಡಬೇಡಿ. ಹಾಗೆ ಬಿಟ್ಟ ಯೆಮನ್ ಗೋಸುಂಬೆಗಳು ಫ್ಲೋರಿಡಾದಲ್ಲೂ ಹವಾಯಿಯ ಮಾವಿ ದ್ವೀಪದಲ್ಲೂ ಸಂಸಾರ ಹೂಡಿ ಅಲ್ಲಿಯವರಿಗೆ ತಲೆನೋವಾಗಿವೆ.

ದೀಪ ಆರಿ ಅರ್ಧ ಗಂಟೆಯಾದ ಮೇಲೆ ಟಾರ್ಚನ್ನು ಬೆರಳಲ್ಲಿ ಮರೆಮಾಡಿ ಒಮ್ಮೆ ನೋಡಿ. ಹೊಂದಿಕೊಂಡ ಗೋಸುಂಬೆ ಮೇಲಿನ ಅಡ್ಡ ಕೊಂಬೆಯ ತುದಿಯಲ್ಲಿ, ಬಾಲ ಸುರುಳಿ ಸುತ್ತಿ, ಬಾಳೆಯ ಸುಳಿಯಂಥ ತಿಳಿ ಹಸಿರಾಗಿ ಮಲಗಿರುತ್ತದೆ. ಕಪ್ಪಾಗಿ ನೆಲದ ಹತ್ತಿರ ಮಲಗಿದ್ದರೆ ಮೇಲೆ ಏನೋ ಸರಿಯಿಲ್ಲ. ಮಾರನೆಯ ಬೆಳಿಗ್ಗೆ ಮೊದಲು ಬಲ್ಬಿನ ಬಿಸಿ, ಆಮೇಲೆ ಎಲೆಮರೆ ಸಾಕಷ್ಟಿದೆಯೇ ಎಂಬುದನ್ನು ನೋಡಿ.